ವತ್ಸಲಾ ಮೇಡಂ ಹೇಳಿಕೊಟ್ಟ ಹೊಗೆ

ವತ್ಸಲಾ ಮೇಡಂ ಯಾರ ಮನೆಯಿಂದಲೂ 'ಬರ್ತೀನಿ' ಎಂದು ಹೇಳಿ ಹೊರಟವರಲ್ಲ. ಕಾಫಿ ಅರ್ಧ ಕುಡಿದು, ಲೋಟ ಕೆಳಗಿಟ್ಟು, ನಾವಿನ್ನೂ ಮಾತಾಡುತ್ತಿರುವಾಗಲೇ ಎದ್ದು ನಡೆದುಬಿಡುತ್ತಿದ್ದರು. ಪುಟ್ಟೇನಹಳ್ಳಿಯ ನಮ್ಮ ಮಹಡಿ ಮನೆಗೆ ಅವರು ಬಾಡಿಗೆಗೆ ಬಂದ ಹೊಸದರಲ್ಲಿ ನನಗೆ ಮೈಯೆಲ್ಲ ಉರಿಯುತ್ತಿತ್ತು. ಒಂದು ದಿನ ಕೇಳಿಯೇಬಿಟ್ಟೆ.

"ಕಾಡಲ್ಲಿ ಹಂಗೇ ಮಂಜು. ಹೋಗ್ತೀನಿ ಅಂತ ಹೇಳಿದ್ರೆ ಸಂಬಂಧ ಮುಗೀತು ಅಂತ. ಹೇಳದೆ ಹೋದೋರು ವಾಪಸ್ ಬರ್ತಾರೆ," ಎಂದರು.

ಕಾಡೆಂದರೆ ಬೋರ್ನಿಯೋ ದ್ವೀಪದ ಮಳೆಕಾಡು. ಮೇಡಂ ಮಾನವಶಾಸ್ತ್ರ ಓದಿದವರು. ಹರೆಯದಲ್ಲಿ ಅಲ್ಲಿನ ಮೂಲನಿವಾಸಿಗಳ ಜೊತೆ, ಅವರ ಗುಡಿಸಲಲ್ಲೇ, ವರ್ಷಗಟ್ಟಲೆ ಇದ್ದು ಬಂದವರು. ಆ ಜನರ ಹೆಸರನ್ನು ಮಾತ್ರ ಬಾಯಿಬಿಡುತ್ತಿರಲಿಲ್ಲ, ಮಾತು ಕೊಟ್ಟಿದ್ದರಂತೆ. ನಾನು ಸಬ್ಬಕ್ಕಿ ಪಾಯಸ ಮಾಡಿದಾಗಲೆಲ್ಲ "ಇದು ಸುಳ್ಳು ಸಬ್ಬಕ್ಕಿ, ಮರಗೆಣಸಿಂದು. ನಿಜವಾದ್ದು ಮರದ ತಿರುಳಲ್ಲಿ ಇರತ್ತೆ" ಎಂದು ಅದರ ಮಾನ ಕಳೆದು, ಮತ್ತೊಂದು ಬಟ್ಟಲು ಹಾಕಿಸಿಕೊಳ್ಳುತ್ತಿದ್ದರು.

ಒಮ್ಮೆ ಆ ಕಾಡಿನಲ್ಲಿ ದಾರಿ ತಪ್ಪಿದ್ದರಂತೆ. ಕೂಗಿ ಕೂಗಿ ಗಂಟಲು ಕಟ್ಟಿತು, ಯಾರೂ ಹುಡುಕಿಕೊಂಡು ಬರಲಿಲ್ಲ. ಕಡೆಗೆ ಎಲ್ಲಿಂದಲೋ ಹೊಗೆಯ ವಾಸನೆ ಬಂತು. ಅದನ್ನೇ ಹಿಡಿದು ನಡೆದರೆ, ಇವರನ್ನು ಮನೆಮಗಳಂತೆ ಇಟ್ಟುಕೊಂಡಿದ್ದ ಮುದುಕಿ ಗುಡಿಸಲ ಮುಂದೆ ಹಸಿ ಸೊಪ್ಪು ಸುಡುತ್ತಾ ಕೂತಿದ್ದಳು.

"ಎಂಥ ಸಿಟ್ಟು ಬಂತು ಗೊತ್ತಾ? ನಾನು ಸಾಯ್ತಿದ್ರೆ ಇವಳು ಆರಾಮಾಗಿ ಕೂತಿದ್ದಾಳಲ್ಲ ಅಂತ. ಆಮೇಲೆ ಅರ್ಥ ಆಯ್ತು. ಅಷ್ಟು ದಟ್ಟ ಕಾಡಲ್ಲಿ ಹುಡುಕೋಕೆ ಹೋದೋರೂ ತಪ್ಪಿಹೋಗ್ತಾರೆ. ಒಬ್ರು ಜಾಗ ಬಿಡದೆ ಹೊಗೆ ಎಬ್ಬಿಸ್ತಾನೇ ಇರ್ಬೇಕು. ಅಲ್ಲಿ ಅದೇ ಹುಡುಕೋದು."

ಎದುರು ಮನೆ ಅಂಕಲ್ ಸಾಕಿದ ನಾಯಿ ಪಟಾಕಿಗೆ ಹೆದರಿ ಓಡಿಹೋದಾಗ ಮೇಡಂ ಆ ಮನೆಯ ಗೇಟಿನ ಮುಂದೆ ಹೊಂಗೆ ಸೊಪ್ಪು ಸುಟ್ಟರು. ಅಂಕಲ್ ಕೆಮ್ಮುತ್ತಾ ಬೈದರು. ಮಧ್ಯಾಹ್ನ ನಾಯಿ ಬಂತು. "ಹೊಟ್ಟೆ ಹಸೀತು, ಬಂತು ಅಷ್ಟೇ," ಎಂದರು ಅಂಕಲ್. ಮೇಡಂ ಸೀರೆ ಕೊಡವಿಕೊಂಡು ಎದ್ದು ಹೋದರು, ಎಂದಿನಂತೆ ಹೇಳದೆ.

ಹೋದ ವರ್ಷ ಅವರಿಗೆ ಮರೆವು ಶುರುವಾಯಿತು. ಗ್ಯಾಸ್ ಹಚ್ಚಿದ್ದು ಮರೆತರು, ನನ್ನ ಹೆಸರು ಮರೆತರು. ಹಿಂದೆ ಮುಂದೆ ಯಾರೂ ಇಲ್ಲದ ಜೀವ. ನನ್ನ ಫೋನ್ ನಂಬರ್ ಕೆತ್ತಿಸಿದ ಬಿಲ್ಲೆಯನ್ನು ಕೊರಳಿಗೆ ಕಟ್ಟಿದರೆ, ಬಿಚ್ಚಿ ತುಳಸಿ ಕಟ್ಟೆಯ ಮೇಲೆ ಇಟ್ಟುಬಿಡುತ್ತಿದ್ದರು. ಆಷಾಢದ ಒಂದು ಬೆಳಿಗ್ಗೆ ಬಿಲ್ಲೆ ಕಟ್ಟೆಯ ಮೇಲಿತ್ತು, ಮೇಡಂ ಇರಲಿಲ್ಲ.

"ಮನೇಲಿ ಹೇಳಿ ಹೋಗಿಲ್ವೇನಮ್ಮ?" ಎಂದರು ಪೊಲೀಸ್ ಸ್ಟೇಷನ್ನಿನಲ್ಲಿ.

"ಅವರು ಯಾವತ್ತೂ ಹೇಳಿ ಹೋಗಲ್ಲ ಸಾರ್," ಎನ್ನುವಾಗ ಅಳು ಒತ್ತರಿಸಿ ಬಂತು.

ಕೆರೆ ಏರಿ, ಸಾರಕ್ಕಿ ಮಾರ್ಕೆಟ್, ಜಯನಗರದ ಆಸ್ಪತ್ರೆಗಳು, ಮೆಟ್ರೋ ಸ್ಟೇಷನ್ ಎಲ್ಲ ಅಲೆದು, ಅವರ ಫೋಟೋ, ನನ್ನ ನಂಬರ್ ಇರುವ ಚೀಟಿ ಅಂಟಿಸಿದೆವು. ಮೂಲೆ ಬೇಕರಿಯ ಕ್ಯಾಮೆರಾದಲ್ಲಿ ಅವರು ಬಲಕ್ಕೆ ತಿರುಗಿದ್ದು ಕಾಣಿಸುತ್ತದೆ. ಅದರಾಚೆಗೆ ಯಾವ ಕ್ಯಾಮೆರಾದಲ್ಲೂ ಇಲ್ಲ. ಇಷ್ಟು ಜನರ ನಡುವೆ ಒಬ್ಬ ವಯಸ್ಸಾದ ಹೆಂಗಸು ಯಾರ ಕಣ್ಣಿಗೂ ಬೀಳದೆ ಹೋಗುವುದು ಹೇಗೆ? ನನಗಿನ್ನೂ ತಲೆಗೆ ಹತ್ತಿಲ್ಲ.

ಅತ್ತೆ ಕೊಟ್ಟಿಗೆಯಲ್ಲಿ ಸೊಳ್ಳೆಗೆ ಹೊಗೆ ಇಡುತ್ತಿದ್ದ ಹಳೆ ಬಾಂಡ್ಲಿ ಅಟ್ಟದ ಮೇಲಿತ್ತು. ಈಗ ಪ್ರತಿ ಸಂಜೆ ಗೇಟಿನ ಮುಂದೆ ಅದರಲ್ಲಿ ಕೆಂಡ ಮಾಡಿ ಹಸಿ ಹೊಂಗೆ ಸೊಪ್ಪು ಹಾಕಿ ಕೂರುತ್ತೇನೆ.

"ಏನಮ್ಮ ಮಂಜುಳಾ, ಇದೇನ್ ಕಾಡಾ? ಈ ಟ್ರಾಫಿಕ್ ಹೊಗೇಲಿ ನಿನ್ ಹೊಗೆ ಯಾರಿಗಮ್ಮ ಗೊತ್ತಾಗತ್ತೆ?" ಎಂದರು ಎದುರು ಮನೆ ಅಂಕಲ್. ಅವರು ಹೇಳುವುದು ನಿಜವೇ.

ಮೊನ್ನೆ ಸಂಜೆ ಬೇಗೂರಿನಿಂದ ಫೋನ್ ಬಂತು. ದೇವಸ್ಥಾನದ ಹತ್ತಿರ ಯಾರೋ ವಯಸ್ಸಾದ ಹೆಂಗಸು ಕೂತಿದ್ದಾರೆ, ಹೆಸರು ಕೇಳಿದರೆ ಹೇಳುತ್ತಿಲ್ಲ ಎಂದು. ನಮ್ಮ ಯಜಮಾನರು ಸ್ಕೂಟರ್ ತೆಗೆದು, "ಬಾ, ಹತ್ತು ಬೇಗ," ಎಂದರು.

"ನೀವು ಹೋಗ್ಬನ್ನಿ. ನಾನು ಜಾಗ ಬಿಡಲ್ಲ," ಎಂದೆ. ಓಡಿಹೋಗಿ ಸ್ಕೂಟರ್ ಹತ್ತಿಬಿಡೋಣ ಎನ್ನಿಸುತ್ತಿತ್ತು. ದೇವರೇ, ಅವರೇ ಆಗಿರಲಿ ಎಂದುಕೊಳ್ಳುತ್ತಾ ಸೊಪ್ಪು ಹಾಕಿದೆ, ಮತ್ತೆ ಹಾಕಿದೆ. ಬೀದಿ ದೀಪ ಹತ್ತುವ ಹೊತ್ತಿಗೆ ಫೋನ್ ಬಂತು.

"ಅವರಲ್ಲ ಕಣೆ," ಎಂದರು ಯಜಮಾನರು.

ಹೂಂ ಎಂದು ಫೋನ್ ಇಟ್ಟು, ಆರುತ್ತಿದ್ದ ಕೆಂಡವನ್ನು ಊದಿ, ಇನ್ನೊಂದು ಹಿಡಿ ಹಸಿ ಸೊಪ್ಪು ಹಾಕಿದೆ.