ಒಂದೇ ತಟ್ಟೆಯ ಪಥ್ಯ

1998ರಲ್ಲಿ ನಾನು ಶಿವಾಜಿನಗರದ ಒಂದು ಖಾಸಗಿ ಆಸ್ಪತ್ರೆಯಲ್ಲಿ ಡಯಟಿಷಿಯನ್ ಆಗಿದ್ದೆ. ರೋಗಿ ಏನು ತಿನ್ನಬೇಕು, ಏನು ಬಿಡಬೇಕು ಎಂದು ಹೇಳುವುದು ನನ್ನ ಕೆಲಸ. ಕೊಬ್ಬು ಎಂದರೆ ಜನ ಬೆಚ್ಚಿಬೀಳುತ್ತಿದ್ದ ಕಾಲ ಅದು. ಯಾರಿಗಾದರೂ 'ತಿನ್ನಿ' ಎಂದರೆ, ಕೊಟ್ಟ ಫೀಸು ದಂಡವಾಯಿತು ಎಂಬಂತೆ ಮುಖ ಮಾಡುತ್ತಿದ್ದರು.

ಆ ವರ್ಷ ಜೂನ್‌ನಲ್ಲಿ ಮೂಳೆ ವಿಭಾಗದಿಂದ ನನಗೆ ಕರೆ ಬಂತು. ಪುಲಿಕೇಶಿನಗರದ ಮೆಹರುನ್ನಿಸಾ, ಅರವತ್ತೆಂಟು ವರ್ಷದವರು, ಬಚ್ಚಲಲ್ಲಿ ಜಾರಿಬಿದ್ದು ಸೊಂಟದ ಮೂಳೆ ಮುರಿದುಕೊಂಡಿದ್ದರು. ಆಪರೇಷನ್ ಆಗಿತ್ತು, ಆದರೆ ಗಾಯ ಮಾಯುತ್ತಿರಲಿಲ್ಲ. ತೂಕ ಮೂವತ್ತಾರು ಕಿಲೋ. ಪಕ್ಕದಲ್ಲಿದ್ದ ಗಂಡ ಬಶೀರ್ ಸಾಹೇಬರು, ಟ್ರಂಕ್ ಅಂಗಡಿ ಇಟ್ಟಿದ್ದವರು, ಗಟ್ಟಿಮುಟ್ಟಾಗಿಯೇ ಇದ್ದರು.

"ಮನೇಲಿ ಏನು ಊಟ ಮಾಡ್ತೀರಮ್ಮ?" ಎಂದೆ.

"ಇವ್ರು ತಿನ್ನೋದೇ ನಾನೂ ತಿನ್ನೋದು," ಎಂದರು, ಇದೂ ಒಂದು ಪ್ರಶ್ನೆಯೇ ಎನ್ನುವಂತೆ.

ಮಾತಿಗೆ ಹೇಳಿದ್ದಲ್ಲ, ನಿಜವಾಗಿಯೂ ಹಾಗೆಯೇ ಇತ್ತು. ಮದುವೆಯಾದಾಗಿನಿಂದ ಇಬ್ಬರೂ ಒಂದೇ ತಟ್ಟೆಯಲ್ಲಿ ಉಣ್ಣುತ್ತಿದ್ದರು. ಎರಡು ವರ್ಷದ ಹಿಂದೆ ಸಾಹೇಬರಿಗೆ ಹಾರ್ಟ್ ಅಟ್ಯಾಕ್ ಆದಾಗ ಬೇರೆ ಕಡೆಯ ಡಾಕ್ಟರು ತುಪ್ಪ, ಕೆನೆ ಎಲ್ಲ ಬಂದ್ ಮಾಡಿಸಿದ್ದರು. ಅಂದಿನಿಂದ ಈಕೆ ಹಾಲನ್ನು ಮತ್ತೆ ಮತ್ತೆ ಕಾಯಿಸಿ, ಕೆನೆ ತೆಗೆದು, ನೀರಿನಂಥ ಮೊಸರಿಗೆ ಹೆಪ್ಪುಹಾಕುತ್ತಿದ್ದರು. ಕೆನೆ ಮೊಮ್ಮಕ್ಕಳ ರೊಟ್ಟಿಗೆ ಹೋಗುತ್ತಿತ್ತು. ಸಾಹೇಬರ ಹೊಟ್ಟೆ ಕರಗಿ ಆರೋಗ್ಯ ಸುಧಾರಿಸಿತು. ಮೊದಲೇ ಸಣಕಲಾಗಿದ್ದ ಈಕೆಯೂ ಅದೇ ಪಥ್ಯದಲ್ಲಿ ಸೊರಗಿಹೋದರು.

ಒಂದು ಗ್ರಾಂ ಕೊಬ್ಬಿನಲ್ಲಿ ಒಂಬತ್ತು ಕ್ಯಾಲರಿ ಇರುತ್ತದೆ, ಪಿಷ್ಟದಲ್ಲಿ, ಪ್ರೋಟೀನಿನಲ್ಲಿ ನಾಲ್ಕು. ಈಕೆಯಂತೆ ಹಲ್ಲಿಲ್ಲದೆ ಎರಡು ತುತ್ತಿಗೇ ಸಾಕೆನ್ನುವವರಿಗೆ ಆ ಎರಡು ತುತ್ತಿನಲ್ಲೇ ಶಕ್ತಿ ತುಂಬಬೇಕು. ಎ, ಡಿ, ಇ, ಕೆ ವಿಟಮಿನ್‌ಗಳು ಮೈಗೆ ಹತ್ತಲೂ ಕೊಬ್ಬು ಬೇಕು. ಇಷ್ಟನ್ನೂ ವಿವರಿಸಿ, ದಿನಾ ಮಧ್ಯಾಹ್ನ ಒಂದು ಬಟ್ಟಲು ಕೆನೆಗಟ್ಟಿದ ಮೊಸರು ತಿನ್ನಿ ಎಂದೆ.

"ಇವ್ರ ಮುಂದೆ ನಾನೊಬ್ಳೇ ಮಲಾಯಿ ತಿನ್ನೋದಾ? ನನ್ ಕೈಲಾಗಲ್ಲ ಮೇಡಂ," ಎಂದು ಮುಖ ತಿರುಗಿಸಿಬಿಟ್ಟರು.

ಸಾಹೇಬರು ಮರುದಿನ ಸೊಸೆಯಿಂದ ಹೆಪ್ಪುಹಾಕಿಸಿದ ಗಟ್ಟಿ ಮೊಸರನ್ನು ಡಬ್ಬಿಯಲ್ಲಿ ತಂದರು. ಚಮಚವನ್ನು ಹೆಂಡತಿಯ ಕೈಗಿಟ್ಟು, ಕುರ್ಚಿಯನ್ನು ಕಿಟಕಿಯ ಕಡೆ ತಿರುಗಿಸಿಕೊಂಡು, ಬೆನ್ನು ಹಾಕಿ ಕುಳಿತರು. 'ನಾನು ನೋಡುವುದಿಲ್ಲ, ನೀನು ತಿನ್ನು' ಎಂದು ದಖ್ನಿ ಉರ್ದುವಿನಲ್ಲಿ ಹೇಳಿದರು.

ಆಕೆ ಬಹಳ ಹೊತ್ತು ಆ ಬೆನ್ನನ್ನೇ ನೋಡಿದರು. ಆಮೇಲೆ ಒಂದು ಚಮಚ ಬಾಯಿಗಿಟ್ಟು ಕಣ್ಣು ಮುಚ್ಚಿದರು. ಕೆನೆಯನ್ನು ನಾಲಿಗೆಯ ಮೇಲೆ ನಿಧಾನವಾಗಿ ಕರಗಿಸಿಕೊಂಡರು. ತುಟಿಗೆ ಹತ್ತಿದ್ದನ್ನೂ ಬಿಡದೆ ನೆಕ್ಕಿದರು. ನಾನು ನೋಡುತ್ತಿರುವುದು ಗೊತ್ತಾದ ಕೂಡಲೇ ನಾಚಿ ದುಪಟ್ಟಾವನ್ನು ಬಾಯಿಗೆ ಅಡ್ಡ ಹಿಡಿದರು. ಡಬ್ಬಿಯ ತಳದಲ್ಲಿ ಏನೂ ಉಳಿಯಲಿಲ್ಲ.

ಮನೆಗೆ ಹೋದ ಮೇಲೂ ದಿನವೂ ಇದೇ ಏರ್ಪಾಡು ನಡೆಯಿತು. ಗಾಯ ಮಾಯಿತು, ತೂಕ ಎರಡು ಕಿಲೋ ಏರಿತು, ವಾಕರ್ ಹಿಡಿದು ಜಗಲಿಯವರೆಗೂ ಬರುವಂತಾದರು. ಆದರೆ ಕಳೆದುಕೊಂಡಿದ್ದೆಲ್ಲ ಅಷ್ಟು ಬೇಗ ಮರಳುವಂಥದ್ದಲ್ಲ. ನವೆಂಬರ್‌ನ ಚಳಿಗೆ ನ್ಯುಮೋನಿಯಾ ಬಂತು. ಅದನ್ನು ತಡೆದುಕೊಳ್ಳುವ ತ್ರಾಣ ಮೈಯಲ್ಲಿರಲಿಲ್ಲ. ಆಕೆ ಹೋಗಿಬಿಟ್ಟರು.

ಕೆಲವು ವಾರಗಳ ನಂತರ ಸಾಹೇಬರು ನನ್ನ ರೂಮಿಗೆ ಬಂದರು. ತಮ್ಮ ಪಥ್ಯದ ಬಗ್ಗೆ ಕೇಳಲು ಬಂದಿರಬೇಕು ಎಂದುಕೊಂಡೆ.

"ನಾನು ಆ ಕಡೆ ತಿರುಗಿ ಕೂತ್ರೇನೇ ಅವ್ಳು ತಿಂತಿದ್ದಿದ್ದು. ಒಂದ್ಸಲಾನೂ ನಾನು ನೋಡ್ಲಿಲ್ಲ," ಎಂದರು. "ನೀವು ನೋಡಿದ್ರಲ್ಲ ಮೇಡಂ. ಹೆಂಗೆ ತಿಂದ್ಲು, ಹೇಳಿ."

ಹೇಳಿದೆ. ಕಣ್ಣು ಮುಚ್ಚಿದ್ದು, ತುಟಿ ನೆಕ್ಕಿದ್ದು, ನಾಚಿದ್ದು, ಒಂದನ್ನೂ ಬಿಡಲಿಲ್ಲ. ಅವರು ಮೊದಲು ನಕ್ಕರು, ಆಮೇಲೆ ಅತ್ತರು. ನನಗೂ ಅಳು ತಡೆಯಲಾಗಲಿಲ್ಲ.

ಈಗಿನ ತಿಳಿವಳಿಕೆಯಲ್ಲಾಗಿದ್ದರೆ, ಉಳಿದ ಊಟವನ್ನು ಸರಿದೂಗಿಸಿ ಸಾಹೇಬರಿಗೂ ಒಂದು ಪುಟ್ಟ ಬಟ್ಟಲು ಕೆನೆಮೊಸರು ಕೊಡುತ್ತಿದ್ದೆ. ಇಬ್ಬರೂ ಎದುರುಬದುರು ಕೂತು ತಿನ್ನಬಹುದಿತ್ತು. ಆಗ ಆ ಧೈರ್ಯ ನಮ್ಮಲ್ಲಿ ಯಾರಿಗೂ ಇರಲಿಲ್ಲ ಎಂಬುದು ಇಂದಿಗೂ ಸಂಕಟವೇ. ಪಥ್ಯವನ್ನು ನಾವು ಒಬ್ಬರಿಗೆ ಹೇಳುತ್ತೇವೆ, ಪ್ರೀತಿಯಿದ್ದ ಕಡೆ ಅದನ್ನು ಇನ್ನೊಬ್ಬರೂ ಮಾಡುತ್ತಾರೆ. ನನ್ನ ವೃತ್ತಿ ನನಗೆ ಕಲಿಸಿದ್ದು ಇದನ್ನು. ನಿವೃತ್ತಿಯಾಗುವವರೆಗೂ ಎದುರಿಗೆ ಕೂತ ಪ್ರತಿ ರೋಗಿಗೂ ನನ್ನ ಮೊದಲ ಪ್ರಶ್ನೆ ಒಂದೇ ಆಗಿತ್ತು: "ನಿಮ್ಮ ಜೊತೆ ಊಟಕ್ಕೆ ಯಾರು ಕೂರ್ತಾರೆ? ಅವ್ರನ್ನೂ ಒಳಗೆ ಕರೀರಿ."