ಐದರ ಸೈರನ್‌ವರೆಗೆ ಓಟು

ಚುನಾವಣೆ ಅಂದರೆ ನನಗೆ ಈಗಲೂ ಆಗಿಬರುವುದಿಲ್ಲ. ಮನೆಯವರೆಲ್ಲ ಯಾರು ಗೆಲ್ಲುತ್ತಾರೆ, ಯಾರು ಸೋಲುತ್ತಾರೆ ಎಂದು ಮಾತಿಗೆ ಕೂತರೆ ನಾನು ಎದ್ದು ಒಳಗೆ ಹೋಗಿಬಿಡುತ್ತೇನೆ. ಐವತ್ತರ ದಶಕದ ಕೊನೆಯಲ್ಲಿ ನಮ್ಮೂರಿನ ಶಾಲಾ ಸಮಿತಿಗೆ ನಡೆದ ಒಂದು ಚುನಾವಣೆಯೇ ನನಗೆ ಈ ಜನ್ಮಕ್ಕೆ ಸಾಕಾಗಿದೆ.

ಶಿವಮೊಗ್ಗದಿಂದ ಹೊರಟು ಮಲವಗೊಪ್ಪ ದಾಟಿ ಭದ್ರಾವತಿಯ ಹತ್ತಿರಕ್ಕೆ ಬಂದರೆ ರಸ್ತೆ ಪಕ್ಕದಲ್ಲೇ ನಮ್ಮೂರು. ಅರ್ಧ ಊರು ಗದ್ದೆ ಮಾಡುವವರದು, ಇನ್ನರ್ಧ ನಮ್ಮಂತೆ ಭದ್ರಾವತಿಯ ಕಾರ್ಖಾನೆಗೆ ಸೈಕಲ್ ತುಳಿಯುವವರದು. ಶಾಲೆ ನಡೆಯುತ್ತಿದ್ದದ್ದು ಪಟೇಲರ ಕಟ್ಟಡದಲ್ಲಿ. ಒಂದು ಕೋಣೆಯಲ್ಲಿ ನಾಲ್ಕೂ ಕ್ಲಾಸಿನ ಮಕ್ಕಳು ಮತ್ತು ಒಬ್ಬರೇ ಮೇಷ್ಟ್ರು, ಇನ್ನೊಂದರಲ್ಲಿ ಪಟೇಲರ ಭತ್ತದ ಮೂಟೆಗಳು. ಐದನೇ ಕ್ಲಾಸು ಬೇಕೆಂದು ನಾವೆಲ್ಲ ಗೋಗರೆದಾಗ ಶಿವಮೊಗ್ಗದಿಂದ ಬಂದ ಇನ್‌ಸ್ಪೆಕ್ಟರು ಆ ಮೂಟೆಗಳನ್ನು ನೋಡಿ, "ಕೋಣೆ ಖಾಲಿ ಮಾಡ್ಸಿ, ಇನ್ನೊಬ್ಬ ಮೇಷ್ಟ್ರನ್ನ ನಾನು ಕಳಿಸ್ತೀನಿ" ಎಂದು ಜೀಪು ಹತ್ತಿದರು. ಖಾಲಿ ಮಾಡಿಸಬೇಕಾದವರು ಸಮಿತಿಯ ಅಧ್ಯಕ್ಷರು. ಅಧ್ಯಕ್ಷರು ಯಾರು? ಅದೇ ಪಟೇಲರು!

ನನ್ನ ಮಗಳು ಆಗ ನಾಲ್ಕನೇ ಕ್ಲಾಸು. ಅತ್ತೆಯವರು ಮೊದಲೇ ತೀರ್ಪು ಕೊಟ್ಟಿದ್ದರು: "ಇಲ್ಲೇ ಐದನೇ ಕ್ಲಾಸು ಬಂದ್ರೆ ಓದ್ಲಿ, ಬ್ಯಾಡ ಅನ್ನಲ್ಲ. ಹೆಣ್ಣುಮಗೂನ ದಿನಾ ಬಸ್ಸಲ್ಲಿ ಕಳ್ಸೋ ಮಾತು ಮಾತ್ರ ಈ ಮನೇಲಿ ಎತ್ಬೇಡ ಕಣೇ ಮಾರಾಯ್ತಿ." ನನ್ನ ಯಜಮಾನರು ತಲೆ ತಗ್ಗಿಸಿಕೊಂಡು ಊಟ ಮಾಡಿದರು. ಮಾರನೆಯ ದಿನ ಹೋಗಿ ಅಧ್ಯಕ್ಷ ಸ್ಥಾನಕ್ಕೆ ತಮ್ಮ ಹೆಸರು ಕೊಟ್ಟು ಬಂದರು. ಅಮ್ಮನ ಎದುರು ಉಸಿರೆತ್ತದ ಮನುಷ್ಯ ಪಟೇಲರ ಎದುರು ನಿಂತರು. ಅದನ್ನೂ ಕಂಡೆ ನಾನು.

ಆಮೇಲೆ ಶುರುವಾಯಿತು ಚರ್ಚೆ. ಭಾನುವಾರವೇ ಆಗಬೇಕೆಂದು ಕಾರ್ಖಾನೆಯವರು ಹಟ ಹಿಡಿದರು. ಬೇರೆ ದಿನ ಅವರಿಗೆ ಬಿಡುವೆಲ್ಲಿ? ಓಟು ಎಷ್ಟು ಗಂಟೆಯವರೆಗೆ ಎಂಬ ಮಾತು ಬಂದಾಗ ಯಜಮಾನರು ಎದ್ದು ನಿಂತರು. ಶಾಲೆಯ ಗಡಿಯಾರ ಪಟೇಲರು ಕೊಟ್ಟದ್ದು, ಕೀ ಕೊಡುವವನೂ ಅವರ ಆಳು. "ಆ ಗಡಿಯಾರ ಪಟೇಲರ ಮಾತು ಕೇಳ್ತದೆ. ಸೈರನ್ ಯಾರಪ್ಪನ ಮಾತೂ ಕೇಳಲ್ಲ. ಐದರ ಸೈರನ್‌ವರೆಗೆ ಅಂತ ಬರೀರಿ ಮೇಷ್ಟ್ರೇ" ಎಂದರು. ನಮ್ಮವರೆಲ್ಲ ಭೇಷ್ ಅಂದರು. ನಮ್ಮೂರಲ್ಲಿ ಹಸು ಕರೆಯುವುದೂ ಒಲೆ ಹಚ್ಚುವುದೂ ಕಾರ್ಖಾನೆಯ ಸೈರನ್ನಿಗೇ. ಪಟೇಲರು ನಕ್ಕು, "ಆಯ್ತಪ್ಪ, ನಿಮ್ ಸೈರನ್ನೇ ಆಗ್ಲಿ" ಎಂದರು. ಅದೇ ಭಾನುವಾರ ಹೊಳಲೂರಿನಲ್ಲಿ ಅವರ ಕಡೆಯವರ ಮದುವೆ. ಗದ್ದೆಯವರೆಲ್ಲ ಲಾರಿ ಮಾಡಿಕೊಂಡು ಅಲ್ಲಿಗೆ ಹೋಗುವವರು. ಐದರೊಳಗೆ ಎಲ್ಲಿ ಬಂದಾರು ಎಂದು ನಮ್ಮವರಿಗೆ ಒಳಗೊಳಗೇ ಖುಷಿ.

ಓಟಿನ ದಿನ ಶಾಲೆಯ ಮೇಜಿನ ಮೇಲೆ ಎರಡು ಬಿಸ್ಕತ್ತಿನ ಡಬ್ಬ. ಪಟೇಲರ ಡಬ್ಬಕ್ಕೆ ದೀಪದ ಚಿತ್ರ, ನಮ್ಮದಕ್ಕೆ ಸ್ಲೇಟಿನದು. ಸ್ಲೇಟು ಬರೆದು ಅಂಟಿಸಿದವಳು ನನ್ನ ಮಗಳೇ. ಮಧ್ಯಾಹ್ನ ಇಳಿಯುವ ಹೊತ್ತಿಗೆ ನಮ್ಮ ಕಡೆಯವರೆಲ್ಲ ಚೀಟಿ ಹಾಕಿ ಮುಗಿಸಿದ್ದರು. ಮಗಳು ನನ್ನ ಸೆರಗು ಬಿಡಲಿಲ್ಲ. "ಯಾರು ಗೆದ್ರಮ್ಮ? ಹೇಳಮ್ಮ." ಅವಳ ಕಾಟ ತಡೆಯಲಾರದೆ, "ಸೈರನ್ ಆಗ್ಲಿ ಕಣೇ, ಆಮೇಲೆ ಎಣಿಸ್ತಾರೆ. ನಾವೇ ಗೆಲ್ಲೋದು, ಹೋಗು" ಎಂದು ಅಜ್ಜಿಯ ಹತ್ತಿರ ಮನೆಗೆ ಅಟ್ಟಿದೆ.

ಬಾವಿಕಟ್ಟೆಯ ಮೇಲೆ ಬಿಸಿಲು ಇಳಿಯಿತು. ಸೈರನ್ ಇಲ್ಲ. ಗಾಳಿ ಆ ಕಡೆ ಬೀಸ್ತಿರಬೇಕು ಎಂದರು ಯಾರೋ. ಮತ್ತೆ ಕಾದೆವು. ಕೊನೆಗೆ ನಮ್ಮ ಪಕ್ಕದ ಮನೆಯ ತಮಿಳಿನವರು ಹಣೆ ಚಚ್ಚಿಕೊಂಡರು. "ಅಯ್ಯಯ್ಯೋ, ಇವತ್ತು ಸಂಡೇ ಅಲ್ವಾ! ಹಗಲು ಕೆಲಸದ ಜನರಲ್ ಶಿಫ್ಟೇ ಇಲ್ಲ. ಐದಕ್ಕೆ ಯಾರಿಗೆ ಕೂಗ್ತಾರೆ?" ಶಿವನೇ! ವಾರವೆಲ್ಲ ಆ ಸೈರನ್ನಿಗೇ ಬದುಕಿದ ಊರು, ಭಾನುವಾರ ಅದು ಕೂಗುವುದಿಲ್ಲ ಎಂಬುದು ಒಬ್ಬರಿಗೂ ಹೊಳೆದಿರಲಿಲ್ಲ.

ಯಜಮಾನರು ಮೇಷ್ಟ್ರ ಹತ್ತಿರ ಓಡಿದರು. "ಐದು ಯಾವಾಗಲೋ ಆಯ್ತು, ಡಬ್ಬ ಮುಚ್ಚಿ ಸಾರ್."

"ನೀವೇ ಬರೆಸಿದ್ದಲ್ವಾ ಸ್ವಾಮಿ ಸೈರನ್‌ವರೆಗೆ ಅಂತ? ಸೈರನ್ ಎಲ್ಲಿ ಆಯ್ತು?" ಎಂದರು ಮೇಷ್ಟ್ರು, ನಮ್ಮ ಮುಖ ನೋಡದೆ. ಅವರನ್ನು ನಾನು ದೂರುವುದಿಲ್ಲ. ಅವರ ಸಂಸಾರ ಇದ್ದದ್ದೂ ಪಟೇಲರ ಹಿತ್ತಲಿನ ಮನೆಯಲ್ಲೇ.

ದೀಪ ಹಚ್ಚುವ ಹೊತ್ತಿಗೆ ಲಾರಿ ಬಂತು. ರೇಷ್ಮೆ ಸೀರೆ, ಜರತಾರಿ ಪೇಟ, ಬಾಯಲ್ಲಿ ಎಲೆಅಡಿಕೆ, ಕೈಯಲ್ಲಿ ತಾಂಬೂಲದ ಚೀಲ. ಇಳಿದವರು ಇಳಿದ ಹಾಗೇ ಸಾಲು ನಿಂತು ದೀಪದ ಡಬ್ಬ ತುಂಬಿಸಿದರು. ಕೊನೆಯಲ್ಲಿ ಪಟೇಲರು ತಮ್ಮ ಚೀಟಿ ಹಾಕಿ, "ಇನ್ ಸಾಕು ಮೇಷ್ಟ್ರೇ, ಮುಚ್ಚಿ" ಎಂದರು. ಮೇಷ್ಟ್ರು ಮುಚ್ಚಿದರು.

ಎಣಿಸಿದ್ದೂ ಆಯಿತು, ಸೋತದ್ದೂ ಆಯಿತು. ಪಟೇಲರು ಕೆಟ್ಟ ಮನುಷ್ಯರೇನಲ್ಲ. ತಮ್ಮ ಚೀಲದಿಂದ ತೆಂಗಿನಕಾಯಿ ತೆಗೆದು ನನ್ನ ಕೈಗಿಟ್ಟು, "ಬೇಜಾರ್ ಮಾಡ್ಕೋಬೇಡಮ್ಮ, ಇದೆಲ್ಲ ಇದ್ದದ್ದೇ" ಎಂದರು. ಅದನ್ನು ಅವರ ತಲೆಯ ಮೇಲೇ ಒಡೆಯುವಷ್ಟು ಸಿಟ್ಟು ಬಂದಿತ್ತು ನನಗೆ. ಒಡೆಯಲಿಲ್ಲ. ಮನೆಗೆ ತಂದು ಮರುದಿನ ಚಟ್ನಿ ಮಾಡಿದೆ.

ನಾವು ಮನೆಗೆ ಬಂದಾಗ ಮಗಳು ಕಾದು ಕಾದು ನಿದ್ದೆ ಹೋಗಿದ್ದಳು. ಬೆಳಿಗ್ಗೆ ಯಜಮಾನರು ಅವಳು ಏಳುವ ಮೊದಲೇ ಸೈಕಲ್ ಹತ್ತಿದರು. ದಣಿದ ಮೇಷ್ಟ್ರು ಶಾಲೆಗೆ ರಜೆ ಕೊಟ್ಟಿದ್ದರು. "ಮಗೂಗೆ ಹೇಳೋದಾದ್ರೆ ನೀನೇ ಹೇಳ್ಕೋ, ನನ್ ಕೈಲಾಗಲ್ಲ" ಎಂದರು ಅತ್ತೆ, ನನ್ನ ಕಡೆ ತಿರುಗದೆ. ಈಗ ಹೇಳುತ್ತೇನೆ, ಈಗ ಹೇಳುತ್ತೇನೆ ಎನ್ನುತ್ತಲೇ ನಾನು ಬಟ್ಟೆ ಒಗೆದೆ, ಪಾತ್ರೆ ತಿಕ್ಕಿದೆ. ಮಗಳು ಜಗಲಿಯಲ್ಲಿ ಕೂತು ಮೊರದಲ್ಲಿ ಅಕ್ಕಿ ಆರಿಸುತ್ತಿದ್ದಳು.

ಸಂಜೆ ಐದಕ್ಕೆ ಸೈರನ್ ಕೂಗಿತು, ಇಡೀ ಊರಿಗೆ ಕೇಳುವ ಹಾಗೆ. ಮಗಳು ಮೊರ ಕೆಳಗಿಟ್ಟು ಒಳಗೆ ಓಡಿಬಂದಳು.

"ಅಮ್ಮಾ, ಸೈರನ್ ಆಯ್ತು! ಈಗ ಎಣಿಸ್ತಾರಲ್ವಾ?"