ಪಾಷಾಣಪ್ಪನ ಕೈರುಚಿ

ಹಳೆಯ ದಾಖಲೆಗಳ ಕಚೇರಿಯಲ್ಲಿ ಇಲಿಗಳಿಗೆ ಅಡುಗೆ ಮಾಡಿ ಬಡಿಸುವುದಕ್ಕೆಂದೇ ಒಬ್ಬ ನೌಕರನಿದ್ದ. ನೇಮಕದ ಪತ್ರದಲ್ಲಿ ಅವನ ಹುದ್ದೆಗೆ ‘ಮೂಷಕ ನಿಯಂತ್ರಣ ಸಹಾಯಕ’ ಎಂಬ ಗಂಭೀರವಾದ ಹೆಸರಿತ್ತು. ಅಷ್ಟುದ್ದ ಹೇಳಲು ಕಚೇರಿಯವರಿಗೆ ಪುರುಸೊತ್ತು ಇರಲಿಲ್ಲವಾದ್ದರಿಂದ ಪಾಷಾಣಪ್ಪ ಎಂದು ಕರೆದರು. ಮೂವತ್ತೊಂದು ವರ್ಷ ಹಾಗೆ ಕರೆಸಿಕೊಂಡ ಮೇಲೆ ಅವನ ನಿಜವಾದ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿದಿತ್ತು.

ಅಡುಗೆ ಎಂದದ್ದು ತಮಾಷೆಗಲ್ಲ. ಪಾಷಾಣ ಇಟ್ಟ ತಕ್ಷಣ ಇಲಿ ಓಡಿಬಂದು ತಿಂದು ಸಾಯುತ್ತದೆ ಎಂದುಕೊಂಡವರು ಇಲಿಯನ್ನು ಸರಿಯಾಗಿ ನೋಡಿಯೇ ಇಲ್ಲ. ಇಲಿಯಷ್ಟು ಅನುಮಾನದ ಪ್ರಾಣಿ ಇನ್ನೊಂದಿಲ್ಲ. ನಿನ್ನೆ ಇಲ್ಲದ ತಟ್ಟೆ ಇವತ್ತು ಮೂಲೆಯಲ್ಲಿ ಕಂಡರೆ ಸುತ್ತ ಸುಳಿದಾಡಿ, ಮೂಸಿ, ಮೂತಿ ತಿರುಗಿಸಿಕೊಂಡು ಹೋಗಿಬಿಡುತ್ತದೆ. ಅದಕ್ಕೇ ಪಾಷಾಣಪ್ಪ ಮೊದಲ ಮೂರು ದಿನ ಬರೀ ಹಿಟ್ಟಿನ ಉಂಡೆ ಇಡುತ್ತಿದ್ದ. ಹದವಾಗಿ ಹುರಿದ ಹಿಟ್ಟು, ಎಣ್ಣೆ, ಚೂರು ಸಕ್ಕರೆ. ಅದೇ ಜಾಗ, ಅದೇ ಹೊತ್ತು, ಇಟ್ಟು ತಿರುಗಿ ನೋಡದೆ ಹೋಗಿಬಿಡಬೇಕು. ಮೊದಲ ದಿನ ಮುಟ್ಟುವುದಿಲ್ಲ. ಎರಡನೆಯ ದಿನ ಅಂಚು ಕಡಿಯುತ್ತವೆ. ಮೂರನೆಯ ದಿನ ತಟ್ಟೆಯನ್ನೂ ನೆಕ್ಕುತ್ತವೆ. ನಾಲ್ಕನೆಯ ದಿನ ಅದೇ ಉಂಡೆಗೆ ಅವನು ಕಪ್ಪು ಪುಡಿ ಬೆರೆಸುತ್ತಿದ್ದ.

ಪುಡಿ ಬೆರೆಸದ ದಿನಗಳಲ್ಲಿ ತಾನೂ ಒಂದು ಚೂರು ಬಾಯಿಗೆ ಹಾಕಿಕೊಂಡು ನೋಡುತ್ತಿದ್ದ. ಎಣ್ಣೆ ಕಮಟಾಗಿದ್ದರೆ ಎಲ್ಲವನ್ನೂ ಎಸೆದು ಹೊಸದಾಗಿ ಕಲಸುತ್ತಿದ್ದ. ಸಾಯುವವರಿಗಾದರೂ ಸರಿ, ಕೆಟ್ಟದ್ದನ್ನು ಬಡಿಸಬಾರದೆಂಬ ಮರ್ಯಾದೆ ಅವನದು. ಹೀಗಾಗಿ ಆ ಕಟ್ಟಡದ ಇಲಿಗಳಲ್ಲಿ ಅವನ ಕೈರುಚಿ ಭಾರಿ ಹೆಸರು ಮಾಡಿತ್ತು. ಕೈರುಚಿಯನ್ನು ಹೊಗಳಲು ನಾಲ್ಕನೆಯ ದಿನದ ನಂತರ ಯಾರೂ ಉಳಿಯುತ್ತಿರಲಿಲ್ಲ, ಅಷ್ಟೇ.

ಮನುಷ್ಯರ ಕಡೆ ಮಾತ್ರ ಅವನ ಕೈಗೆ ಕವಡೆ ಕಿಮ್ಮತ್ತಿರಲಿಲ್ಲ. ಮಗಳು ಹುಟ್ಟಿದಾಗ ಇಡೀ ಕಚೇರಿಗೆ ಸಿಹಿ ಹಂಚಿದ. ಪೇಟೆಯ ದೊಡ್ಡ ಅಂಗಡಿಯಿಂದ ತಂದದ್ದು, ಡಬ್ಬಿಯ ದಾರವನ್ನೂ ಎಲ್ಲರ ಎದುರಿಗೇ ಬಿಚ್ಚಿದ್ದು. ಎಲ್ಲರೂ ಹಲ್ಲು ಕಿರಿದು ತೆಗೆದುಕೊಂಡರು, “ಊಟ ಆದ್ಮೇಲೆ ತಿಂತೀನಪ್ಪಾ” ಎಂದರು, ಮೇಜಿನ ಡ್ರಾಯರಿಗೆ ಹಾಕಿ ಮುಚ್ಚಿದರು. ಮರುದಿನ ಬೆಳಿಗ್ಗೆ ಡ್ರಾಯರುಗಳೆಲ್ಲ ಖಾಲಿಯಾಗಿದ್ದವು. ತಿಂದು ಹೋದ ಇಲಿಗಳಲ್ಲಿ ಒಂದೂ ಸಾಯಲಿಲ್ಲ. ಸಿಹಿ ಒಳ್ಳೆಯದೇ ಆಗಿತ್ತು ಎಂಬುದಕ್ಕೆ ಅಷ್ಟೇ ಸಾಕ್ಷಿ. ಆಗಿನ ಹೆಡ್ ಗುಮಾಸ್ತ ಮಾತ್ರ ತನ್ನ ಪ್ರಾಣ ಒಂದು ಕೂದಲೆಳೆಯಲ್ಲಿ ಉಳಿಯಿತೆಂದು ವಾರಗಟ್ಟಲೆ ಹೇಳಿಕೊಂಡು ತಿರುಗಿದ.

ಹೊರಗಿನವರದ್ದು ಹಾಳಾಗಿಹೋಗಲಿ. ಪಾಷಾಣಪ್ಪನ ಹೊಟ್ಟೆ ಉರಿಯುತ್ತಿದ್ದದ್ದು ಮನೆಯ ವಿಷಯಕ್ಕೆ. ಹೆಂಡತಿ ಅವನ ಕೈಯಿಂದ ಒಂದು ತುತ್ತು ತಿಂದವಳಲ್ಲ. ಹಿತ್ತಲಿನ ನಲ್ಲಿಯಲ್ಲಿ ಕೈಕಾಲು ತೊಳೆದೇ ಅವನು ಒಳಗೆ ಬರಬೇಕು. ಅವನ ಸೋಪು ಬೇರೆ, ಟವೆಲ್ ಬೇರೆ, ಅಂಗಿ ಒಣಗುವ ಹಗ್ಗವೂ ಬೇರೆ. ಅಡುಗೆಮನೆಯ ಹೊಸ್ತಿಲ ತನಕ ಅವನ ಸರಹದ್ದು. ಉಪ್ಪಿನ ಡಬ್ಬಿ ಎತ್ತಿಕೊಡಲು ಹೋದರೂ “ಇರಲಿ ಬಿಡಿ, ನಾನೇ ತಗೋತೀನಿ” ಎಂದು ಅವಳು ಅಡ್ಡ ಬರುತ್ತಿದ್ದಳು. ಮಗಳು ಅಂಬೆಗಾಲಿಟ್ಟಳು, ನಡೆದಳು, ಓದಿದಳು, ಟೀಚರಾಗಿ ಬೇರೆ ಊರಿಗೆ ಹೋದಳು. ಆ ಮಗುವಿಗೆ ಒಂದು ದಿನ ಒಂದು ಕೈತುತ್ತು ಹಾಕಲಿಲ್ಲವಲ್ಲ ಎಂಬ ಸಂಕಟ ಅವನನ್ನು ಬಿಟ್ಟಿರಲಿಲ್ಲ. ನಿವೃತ್ತಿಗೆ ಇನ್ನು ಎರಡು ವರ್ಷ. ಅಷ್ಟರೊಳಗೆ ಹೆಂಡತಿ ತನ್ನ ಕೈಯಿಂದ ಒಂದು ತುತ್ತು ತಿಂದರೆ ಸಾಕು, ಬೇರೇನೂ ಬೇಡ ಎಂದುಕೊಂಡಿದ್ದ.

“ನಮ್ಮವಳದ್ದು ಇಲಿ ಬುದ್ಧಿ ಕಣ್ರೀ, ಎಲ್ಲದಕ್ಕೂ ಅನುಮಾನ” ಎಂದು ಕಚೇರಿಯ ಕಾವಲುಗಾರನ ಹತ್ತಿರ ಹೇಳಿಕೊಳ್ಳುತ್ತಿದ್ದ. ಕಾವಲುಗಾರ ಸಮಾಧಾನ ಹೇಳುತ್ತಿದ್ದ, ಎರಡು ಮಾರು ದೂರ ನಿಂತು.

ಹೀಗಿರುವಾಗ ಕಚೇರಿಗೆ ಹೊಸ ಮೇಡಂ ಬಂದರು. ಬಂದ ವಾರದಲ್ಲೇ ಪಾಷಾಣ ತಿಂದ ಒಂದು ಇಲಿ ಅವರ ಬೀರುವಿನ ಹಿಂದೆ ಹೋಗಿ ಸತ್ತಿತು. ಬೀರು ಗೋಡೆಗೆ ಕಚ್ಚಿಕೊಂಡಿದ್ದರಿಂದ ತೆಗೆಯಲಾಗಲಿಲ್ಲ. ಒಂಬತ್ತು ದಿನ ಮೇಡಂ ಮೂಗಿಗೆ ಕರ್ಚೀಫು ಹಿಡಿದು ಕಡತ ನೋಡಿದರು. ಹತ್ತನೆಯ ದಿನ ಅವರಲ್ಲಿ ಜೀವದಯೆ ಉಕ್ಕಿತು.

“ಅದೂ ಒಂದು ಜೀವ ಅಲ್ವೇನ್ರೀ? ಇನ್ಮೇಲೆ ಈ ಕಟ್ಟಡದಲ್ಲಿ ವಿಷ ಹಾಕಕೂಡದು. ಬೋನು ತರಿಸಿ, ಹಿಡಿದು, ದೂರ ಬಿಟ್ಟು ಬನ್ನಿ” ಎಂದು ಸಭೆ ಕರೆದು ಹೇಳಿದರು. ಎಲ್ಲರೂ ತಲೆಯಾಡಿಸಿದರು. ಹಿಂದಿನ ದಿನವಷ್ಟೇ “ಏನಯ್ಯಾ, ಪುಡಿ ಸ್ವಲ್ಪ ಜಾಸ್ತಿ ಹಾಕು” ಎಂದು ಪಾಷಾಣಪ್ಪನ ಪ್ರಾಣ ತಿಂದಿದ್ದ ಹೆಡ್ ಗುಮಾಸ್ತ ಎಲ್ಲರಿಗಿಂತ ಜೋರಾಗಿ ಆಡಿಸಿದ.

ಪಾಷಾಣಪ್ಪನಿಗೆ ಇಲಿಗಳ ಮೇಲೆ ಹೇಳಿಕೊಳ್ಳುವಂಥ ದಯೆಯೇನೂ ಇರಲಿಲ್ಲ. ಆದರೆ ಆದೇಶ ಕೇಳಿ ಅವನ ಎದೆ ಹೂವಿನಷ್ಟು ಹಗುರವಾಯಿತು. ಪುಡಿಯ ಡಬ್ಬಿ ಹೋದರೆ ಕೈ ಶುದ್ಧವಾಯಿತು, ಕೈ ಶುದ್ಧವಾದರೆ ಹೆಂಡತಿಗೆ ಇನ್ನೇನು ನೆಪ? ಡಬ್ಬಿಗಳನ್ನೆಲ್ಲ ಲೆಕ್ಕ ಹಾಕಿ ಸಂಬಂಧಪಟ್ಟವರಿಗೆ ಒಪ್ಪಿಸಿ ಬಂದ ದಿನ ಉಗುರುಗಳನ್ನು ಬುಡಕ್ಕೆ ಕತ್ತರಿಸಿಕೊಂಡ.

ಬೋನಿನ ಕತೆ ಬೇರೆಯೇ ಆಯಿತು. ಸೈಕಲ್ಲಿನ ಹಿಂದೆ ಬೋನು ಕಟ್ಟಿಕೊಂಡು ದಿನಾ ಊರಾಚೆಯ ಬಯಲಿಗೆ ಹೋಗಿ ಇಲಿ ಬಿಟ್ಟು ಬರುತ್ತಿದ್ದ. ಆ ಇಲಿಗಳಲ್ಲಿ ಬಾಲ ಅರ್ಧ ತುಂಡಾದ ಒಂದಿತ್ತು. ಸೋಮವಾರ ಬಿಟ್ಟರೆ ಗುರುವಾರ ಬೋನಿನಲ್ಲಿ ಕೂತು ಉಂಡೆ ಮೆಲ್ಲುತ್ತಿತ್ತು. ಮೂರು ಸಲ ಹೀಗಾದ ಮೇಲೆ ನಾಲ್ಕನೆಯ ಸಲ ಅವನು ಬಿಟ್ಟ ಜಾಗದಲ್ಲೇ ನಿಂತು ನೋಡಿದ. ಮೋಟುಬಾಲದ್ದು ದಾರಿ ಗೊತ್ತಿದ್ದವರಂತೆ ನೆಟ್ಟಗೆ ಓಡಿತು. ಅದರ ಜೊತೆಗೆ ಬಿಟ್ಟ ಇನ್ನೊಂದು ಮಾತ್ರ ದಿಕ್ಕು ತೋಚದೆ ಬಯಲಿನ ನಡುವೆ ನಿಂತಿತು. ಅವನು ಸೈಕಲ್ ಹತ್ತುವಷ್ಟರಲ್ಲಿ ಹದ್ದೊಂದು ಅದನ್ನು ಎತ್ತಿಕೊಂಡು ಹೋಯಿತು.

“ಮೇಡಂ, ಇದು ದಯೆ ಅಲ್ಲ. ಗೊತ್ತಿಲ್ಲದ ಜಾಗದಲ್ಲಿ ಬಿಟ್ರೆ ಬದುಕಲ್ಲ, ಗೊತ್ತಿದ್ದದ್ದು ವಾಪಸ್ ಬರುತ್ತೆ” ಎಂದ.

“ಮತ್ತೇನ್ರೀ ಮಾಡೋದು?”

“ಅವು ಬರೋದು ಊಟಕ್ಕೆ. ಊಟ ಮುಚ್ಚಿಡಬೇಕು, ದಾರಿ ಮುಚ್ಚಬೇಕು. ಆಮೇಲೆ ಅವೇ ಬೇರೆ ಮನೆ ನೋಡ್ಕೋತಾವೆ.”

ಮೇಡಂ ಒಪ್ಪಿದರು. ಪಾಷಾಣಪ್ಪ ಒಂದು ಪೆನ್ಸಿಲ್ ಹಿಡಿದು ಇಡೀ ಕಟ್ಟಡವನ್ನು ಹೊಟ್ಟೆಯ ಮೇಲೆ ತೆವಳಿದ. ಪೆನ್ಸಿಲ್ ತೂರುವ ಸಂದಿಯಲ್ಲಿ ಇಲಿಮರಿ ತೂರುತ್ತದೆ. ಅಂಥ ಇನ್ನೂರ ಹದಿನಾಲ್ಕು ಸಂದಿಗಳು ಸಿಕ್ಕವು. ಒಂದೊಂದಕ್ಕೂ ತಂತಿಬಲೆ ತುರುಕಿ ಸಿಮೆಂಟು ಮೆತ್ತಿದ, ಬಾಗಿಲುಗಳ ಅಡಿಗೆ ತಗಡು ಬಡಿದ. ಅಲ್ಲಿಯ ತನಕ ಎಲ್ಲ ಸುಸೂತ್ರವಾಗಿತ್ತು. ಡ್ರಾಯರುಗಳನ್ನು ಖಾಲಿ ಮಾಡಿ ಒರೆಸಬೇಕು, ತಿಂಡಿಯನ್ನು ತಗಡಿನ ಡಬ್ಬಿಯಲ್ಲೇ ಇಡಬೇಕು ಎಂದ ದಿನ ಕಚೇರಿಗೆ ಕಚೇರಿಯೇ ತಿರುಗಿ ಬಿತ್ತು.

“ಪಾಷಾಣವೇ ಚೆನ್ನಾಗಿತ್ತು ಕಣಯ್ಯಾ, ನಮ್ಮ ಪಾಡಿಗೆ ನಾವಿದ್ವಿ” ಎಂದು ಹೆಡ್ ಗುಮಾಸ್ತ ರೇಗಿದ. ಜೀವದಯೆಗೆ ತಲೆಯಾಡಿಸಿದವನು ಅವನೇ. ದಯೆಗೆ ಒರೆಸುವ ಬಟ್ಟೆ ಬೇಕಾಗುತ್ತದೆಂದು ಅವನಿಗೆ ಯಾರೂ ಮುಂಚೆ ಹೇಳಿರಲಿಲ್ಲ. ಅವನ ಡ್ರಾಯರಿನಲ್ಲಿ ಹನ್ನೊಂದು ಬಗೆಯ ತಿಂಡಿಯ ಚೂರು ಸಿಕ್ಕಿತು. ಮೇಡಂ ಡ್ರಾಯರಿನಲ್ಲಿ ಅರ್ಧ ಪೊಟ್ಟಣ ಬಿಸ್ಕತ್ತು. ಅದು ಹಿಂದಿನವರು ಬಿಟ್ಟು ಹೋದದ್ದೆಂದು ಮೇಡಂ ಹೇಳಿದರು. ಪೊಟ್ಟಣದ ಮೇಲಿನ ತಯಾರಿಕೆಯ ತಾರೀಕು ಹೋದ ವಾರದ್ದಾಗಿತ್ತು. ಪಾಷಾಣಪ್ಪ ಅದನ್ನು ಓದಿಯೂ ಓದದವನಂತೆ ಮುಂದಿನ ಮೇಜಿಗೆ ಹೋದ.

ಮೂರು ತಿಂಗಳಲ್ಲಿ ಇಲಿಗಳು ಬೇರೆ ಕಟ್ಟಡ ನೋಡಿಕೊಂಡವು. ಸಣ್ಣ ಸನ್ಮಾನವೂ ನಡೆಯಿತು. ಪಾಷಾಣಪ್ಪನ ಕೈಯಿಂದಲೇ ಒಂದು ಲೋಟ ಚಹಾ ತೆಗೆದುಕೊಂಡು ಮೇಡಂ ಫೋಟೋ ತೆಗೆಸಿಕೊಂಡರು. ಎಲ್ಲರೂ ಚಪ್ಪಾಳೆ ತಟ್ಟಿದರು. ಅವರೆಲ್ಲ ಹೋದ ಮೇಲೆ ಕಿಟಕಿಯ ಕಟ್ಟೆಯ ಮೇಲೆ ಆ ಲೋಟ ತುಂಬಿದ್ದು ತುಂಬಿದಂತೆಯೇ ಕೂತಿತ್ತು. ಅವನು ಅದನ್ನು ತಾನೇ ಕುಡಿದು, ಲೋಟ ತೊಳೆದಿಟ್ಟ.

ಅದಾದ ಹದಿನೈದು ದಿನಕ್ಕೆ ಹೆಂಡತಿ ಬಚ್ಚಲಲ್ಲಿ ಜಾರಿ ಬಿದ್ದು ಬಲಗೈ ಮುರಿದುಕೊಂಡಳು. ಮೊಣಕೈ ತನಕ ಪ್ಲಾಸ್ಟರ್ ಬಿತ್ತು. ಪಾಷಾಣಪ್ಪನಿಗೆ ದುಃಖವಾಯಿತು ನಿಜ. ಆ ದುಃಖದ ಅಡಿಯಲ್ಲಿ ಒಂದು ಸಂತೋಷವೂ ಕದ್ದು ಕೂತಿತ್ತು, ಅದಕ್ಕಾಗಿ ಅವನಿಗೆ ನಾಚಿಕೆಯೂ ಆಯಿತು.

“ಅಡುಗೆ ನಾನು ಮಾಡ್ತೀನಿ ಕಣೇ” ಎಂದ.

“ಬೇಡಿ. ನಾಲ್ಕು ದಿನ ಕಳೆದ್ರೆ ನನ್ನ ತಂಗಿ ಬರ್ತಾಳೆ. ಅಲ್ಲೀತನಕ ಬ್ರೆಡ್ ಇದೆ, ಹಣ್ಣಿದೆ.”

“ಆರು ತಿಂಗಳಾಯ್ತು ನಾನು ಪುಡಿ ಮುಟ್ಟಿ.”

“ನಾನೇನಾದ್ರೂ ಅಂದ್ನಾ? ಬೇಡ ಅಂದೆ ಅಷ್ಟೇ.”

ಮೂವತ್ತೊಂದು ವರ್ಷದ ಕಸುಬುದಾರ ಸುಮ್ಮನೆ ಸೋಲುವವನಲ್ಲ. ಅನುಮಾನದ ಪ್ರಾಣಿಯನ್ನು ಹೇಗೆ ಒಲಿಸಬೇಕೆಂದು ಅವನಿಗೆ ಗೊತ್ತಿತ್ತು. ರಜೆ ಹಾಕಿದ. ಮೊದಲ ದಿನ ಮಧ್ಯಾಹ್ನ ಒಂದು ಗಂಟೆಗೆ ಮೆತ್ತಗೆ ಬೇಯಿಸಿದ ಅನ್ನ, ತರಕಾರಿ ಒಂದು ಬಟ್ಟಲಲ್ಲಿ ಹಾಕಿ, ಅವಳ ಮಂಚದ ಪಕ್ಕದ ಸ್ಟೂಲಿನ ಎಡ ಮೂಲೆಗೆ ಇಟ್ಟು, ಒಂದು ಮಾತೂ ಆಡದೆ ಹೊರಗೆ ಹೋದ. ಅವಳು ಬ್ರೆಡ್ ತಿಂದಳು. ಬಟ್ಟಲು ಹಾಗೇ ಇತ್ತು. ಅವನು ಬೇಸರಪಡಲಿಲ್ಲ. ಎರಡನೆಯ ದಿನ ಅದೇ ಬಟ್ಟಲು, ಅದೇ ಮೂಲೆ, ಅದೇ ಹೊತ್ತು. ಅನ್ನದ ಅಂಚಿನಲ್ಲಿ ಚಮಚದ ಒಂದು ಗುರುತಿತ್ತು. ಅದನ್ನು ಕಂಡು ಅವನು ಹಿತ್ತಲಿಗೆ ಹೋಗಿ ಒಬ್ಬನೇ ನಕ್ಕ. ಮೂರನೆಯ ದಿನ ಕಾಲು ಭಾಗ ಖಾಲಿಯಾಗಿತ್ತು. ಎಡಗೈಯಲ್ಲಿ ತಿಂದ ಅಗುಳು ಹೊದಿಕೆಯ ಮೇಲೆಲ್ಲ ಚೆಲ್ಲಿತ್ತು.

ನಾಲ್ಕನೆಯ ದಿನ ಅವನು ಬಟ್ಟಲನ್ನು ಸ್ಟೂಲಿನ ಮೇಲೆ ಇಡಲಿಲ್ಲ. ಕೈಯಲ್ಲೇ ಹಿಡಿದುಕೊಂಡು ಮಂಚದ ಅಂಚಿನಲ್ಲಿ ಕೂತ. ಅವಳು ಬಟ್ಟಲನ್ನು ನೋಡಿದಳು, ಅವನ ಮುಖವನ್ನು ನೋಡಿದಳು.

“ಇವತ್ತು ನಾಲ್ಕನೇ ದಿನ ಅಲ್ವಾ?” ಎಂದಳು.

“ಯಾವ ನಾಲ್ಕನೇ ದಿನ?” ಎಂದ.

“ಮೂರು ದಿನ ಬರೀ ಹಿಟ್ಟು, ನಾಲ್ಕನೇ ದಿನ ಪಾಷಾಣ. ಇಷ್ಟು ವರ್ಷ ನಿಮ್ ಜೊತೆ ಬಾಳಿದ್ದೀನಿ, ನಿಮ್ ಕಸುಬು ನನಗೆ ಗೊತ್ತಿಲ್ವಾ? ಮಾತಾಡದೆ ಇಟ್ಟು ಹೋಗ್ತೀರಿ, ಬಾಗಿಲ ಸಂದೀಲಿ ನಿಂತು ನೋಡ್ತೀರಿ. ನಾನೇನು ಇಲೀನಾ?” ಅವಳು ನಗುತ್ತಿದ್ದಳು.

ಅವನಿಗೆ ನಗು ಬರಲಿಲ್ಲ. “ನಗು, ನಗು. ಕಚೇರೀಲಿ ಎಲ್ರೂ ನಕ್ಕಿದ್ದಾಯ್ತು, ನಿನ್ನದೊಂದು ಬಾಕಿ ಇತ್ತು. ನನ್ನ ಕೈಗೆ ಕುಷ್ಠ ಹತ್ತಿರೋ ಥರ ಆಡ್ತೀಯಲ್ಲೇ! ಮಗಳಿಗೂ ಒಂದು ತುತ್ತು ಹಾಕೋಕೆ ಬಿಡಲಿಲ್ಲ ನೀನು. ನನಗೇನು ಆಸೆ ಇರಲಿಲ್ವಾ? ನಾನೇನು ಮನುಷ್ಯ ಅಲ್ವಾ?”

ಅವಳ ನಗು ನಿಂತಿತು.

“ನಾನು ಬಿಡಲಿಲ್ವಾ?” ಎಂದಳು. “ಮದುವೆಯಾದ ಎರಡನೇ ವಾರ. ನೀವು ಕಿತ್ತಳೆ ತಂದಿದ್ರಿ. ಸುಲಿದು, ಒಂದು ತೊಳೆ ನನ್ನ ಬಾಯಿ ಹತ್ರ ತಂದ್ರಿ. ನಾನು ಬಾಯಿ ತೆಗೆದೆ. ಅಷ್ಟರಲ್ಲಿ ನಿಮಗೇನಾಯ್ತೋ, ಕೈ ಹಿಂದಕ್ಕೆ ಎಳ್ಕೊಂಡು ಕಿರುಚಿದ್ರಿ. ನನ್ನ ಕೈಯಿಂದ ಯಾವತ್ತೂ ಏನೂ ತಿನ್ಬೇಡ, ಮಕ್ಕಳಾದ್ರೆ ಅವಕ್ಕೂ ತಿನ್ನೋಕೆ ಬಿಡ್ಬೇಡ ಅಂತ. ಕಿತ್ತಳೇನ ಕಿಟಕಿಯಿಂದಾಚೆ ಎಸೆದ್ರಿ. ಹೊಸ ಹೆಂಡ್ತಿ ನಾನು, ಬಾಯಿ ತೆಗೆದವಳು ಹಾಗೇ ನಿಂತಿದ್ದೆ. ನಾಚಿಕೆಯಾಗಿ ಸತ್ತುಹೋಗ್ಬೇಕು ಅನ್ನಿಸ್ತು. ಆಮೇಲೆ ನೀವು ಒಂದಿನಾನೂ ಅದನ್ನ ವಾಪಸ್ ತಗೊಳ್ಳಲಿಲ್ಲ. ಸೋಪು ಬೇರೆ ಮಾಡಿದವರು ಯಾರು? ಹಗ್ಗ ಬೇರೆ ಕಟ್ಟಿದವರು ಯಾರು? ನೀವೇ.”

ಪಾಷಾಣಪ್ಪನಿಗೆ ಒಂದೊಂದೇ ನೆನಪಾಯಿತು. ಆ ಬೆಳಿಗ್ಗೆ ಅವನು ಮೊದಲ ಸಲ ಕಲಸುವ ಕೋಲಿಲ್ಲದೆ ಕೈಯಲ್ಲೇ ಪುಡಿ ಬೆರೆಸಿದ್ದ. ಎಷ್ಟು ತೊಳೆದರೂ ವಾಸನೆ ಹೋಗಿರಲಿಲ್ಲ. ಕಿತ್ತಳೆಯ ತೊಳೆ ಅವಳ ತುಟಿಗೆ ಒಂದು ಬೆರಳಿನಷ್ಟು ದೂರ ಇರುವಾಗ ಆ ವಾಸನೆ ಅವನ ಮೂಗಿಗೆ ಬಡಿದಿತ್ತು. ಇಷ್ಟು ವರ್ಷ ಅವನು ಮರೆತದ್ದನ್ನು ಅವಳು ಅಕ್ಷರ ಬಿಡದೆ ನಡೆಸಿಕೊಂಡು ಬಂದಿದ್ದಳು. ಅದನ್ನೇ ಅವನು ಊರಿಗೆಲ್ಲ ಇಲಿ ಬುದ್ಧಿ ಎಂದು ಹೇಳಿಕೊಂಡು ತಿರುಗಿದ್ದ.

“ಈಗ ವಾಪಸ್ ತಗೋತೀರಾ?” ಎಂದು ಕೇಳಿ, ಅವಳು ಬಾಯಿ ತೆಗೆದಳು.

ಅವನು ತುತ್ತು ಕಲಸಿದ. ಕೈ ಅರ್ಧ ದಾರಿಯಲ್ಲಿ ನಿಂತುಬಿಟ್ಟಿತು. “ಒಂದ್ನಿಮಿಷ” ಎಂದು ಹಿತ್ತಲಿಗೆ ಓಡಿ ಕೈ ತೊಳೆದು ಬಂದ. ಮತ್ತೆ ಕಲಸಿದ, ಮತ್ತೆ ಕೈ ನಿಂತಿತು. ಇನ್ನೊಮ್ಮೆ ಏಳಲು ಹೋದಾಗ ಅವಳು ಎಡಗೈಯಿಂದ ಅವನ ಮಣಿಕಟ್ಟು ಹಿಡಿದು, ಕತ್ತು ಮುಂದೆ ಚಾಚಿ ತುತ್ತನ್ನು ತಾನೇ ಬಾಯಿಗೆ ತೆಗೆದುಕೊಂಡಳು. ಅಗಿದಳು, ನುಂಗಿದಳು. ತುತ್ತಿನ ಮೇಲೆ ತುತ್ತು ತಿಂದು ಬಟ್ಟಲು ಖಾಲಿ ಮಾಡಿದಳು.

“ಸ್ವಲ್ಪ ನೀರು ಕೊಡಿ” ಎಂದಳು.

ಪಾಷಾಣ ತಿಂದ ಇಲಿ ಮೊದಲು ಹುಡುಕುವುದು ನೀರನ್ನು. ಚರಂಡಿಯ ಪಕ್ಕ, ಹೂಕುಂಡದ ತಟ್ಟೆಯ ಪಕ್ಕ ಸತ್ತು ಬಿದ್ದವನ್ನು ಅವನು ಎಷ್ಟೋ ಎತ್ತಿ ಹಾಕಿದ್ದ. ಅನ್ನದಲ್ಲಿ ಅನ್ನ, ತರಕಾರಿ ಬಿಟ್ಟು ಬೇರೇನೂ ಇರಲಿಲ್ಲವೆಂದು ಪ್ರಪಂಚದಲ್ಲಿ ಎಲ್ಲರಿಗಿಂತ ಚೆನ್ನಾಗಿ ಅವನಿಗೇ ಗೊತ್ತಿತ್ತು. ಆದರೂ ನೀರಿನ ಲೋಟ ಅವಳ ಕೈಗೆ ಹೋಗುವಷ್ಟರಲ್ಲಿ ಅರ್ಧ ಚೆಲ್ಲಿತು.

ಅವಳು ಕುಡಿದು, ಗೋಡೆಯ ಕಡೆ ಹೊರಳಿ ಮಲಗಿದಳು. ಅವನು ಸ್ಟೂಲನ್ನು ಮಂಚಕ್ಕೆ ಎಳೆದುಕೊಂಡು ಕೂತು, ಹೊದಿಕೆ ಮೇಲಕ್ಕೆ ಕೆಳಕ್ಕೆ ಆಡುವುದನ್ನು ಕಣ್ಣು ಮಿಟುಕಿಸದೆ ನೋಡತೊಡಗಿದ. ಕಾಲು ಗಂಟೆಯಾಯಿತು, ಅರ್ಧ ಗಂಟೆಯಾಯಿತು.

“ಸತ್ತಿಲ್ಲ ಕಣ್ರೀ” ಎಂದಳು ಅವಳು, ಗೋಡೆಯ ಕಡೆಯಿಂದ ತಿರುಗದೆಯೇ. “ಹೋಗಿ ಪಾತ್ರೆ ತೊಳೀರಿ.”

ಅವನು ಎದ್ದು ಹೋಗಿ ಪಾತ್ರೆ ತೊಳೆದ. ಅಡುಗೆಮನೆಯ ಬಾಗಿಲನ್ನು ತೆರೆದೇ ಇಟ್ಟು, ಅವಳ ಉಸಿರು ಕೇಳಲೆಂದು ನಲ್ಲಿಯನ್ನು ಸಣ್ಣಗೆ ಬಿಟ್ಟುಕೊಂಡಿದ್ದ.